ನಿಧಾನ ನಗರದ ಬಿರುದು ಮತ್ತು ಊರೊಳಗೆ ಉಳಿಯುವ ಹಣ

ಪ್ರಶ್ನೆ: ನಿಧಾನ ಬದುಕಿನ ಚಳವಳಿಗೆ ಸೇರಿದ ಸಣ್ಣ ನಗರಗಳು ಅದರಿಂದ ತಮ್ಮ ಗುರುತನ್ನೂ ಆರ್ಥಿಕತೆಯನ್ನೂ ಗಟ್ಟಿಮಾಡಿಕೊಂಡಿವೆ ಎಂದು ಓದಿದ್ದೇನೆ. ಇದು ನಿಜವೇ, ಅಥವಾ ಪ್ರವಾಸಿಗರನ್ನು ಸೆಳೆಯಲು ಇಟ್ಟುಕೊಂಡ ಹೊಸ ಹೆಸರು ಮಾತ್ರವೇ? ಒಂದು ಸಣ್ಣ ನಗರ ಈ ದಾರಿ ಹಿಡಿಯುವುದಾದರೆ ಮೊದಲು ಏನನ್ನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ಎರಡೂ ಮಾತು ನಿಜವೇ. ಕೆಲವು ಊರುಗಳಲ್ಲಿ ಈ ಚಳವಳಿಯಿಂದ ರೈತರ, ಕುಶಲಕರ್ಮಿಗಳ, ಸಣ್ಣ ಅಂಗಡಿಕಾರರ ಕೈಗೆ ನಾಲ್ಕು ಕಾಸು ಹೆಚ್ಚು ಬಂದಿದೆ; ಇನ್ನು ಕೆಲವು ಊರುಗಳಲ್ಲಿ ಅದೇ ಚಳವಳಿಯ ಹೆಸರು ಬಾಡಿಗೆಯನ್ನು ಏರಿಸಿ, ಯಾರ ಬದುಕನ್ನು ಕಾಪಾಡಲೆಂದು ಅದು ಹುಟ್ಟಿತೋ ಅವರನ್ನೇ ಊರ ಹೊರಗೆ ತಳ್ಳಿದೆ. ಒಂದೇ ಹೆಸರಿನಡಿ ಇಷ್ಟು ಬೇರೆ ಬೇರೆ ಫಲ ಏಕೆ ಬಂತು ಎಂದು ನೋಡುತ್ತ ಹೋದರೆ, 'ನಿಧಾನ ನಗರ' ಎಂಬ ಬಿರುದು ಸಿಗುವುದಕ್ಕೆ ಮೊದಲೂ ಸಿಕ್ಕಿದ ನಂತರವೂ ಆಯಾ ಊರಿನ ಪುರಸಭೆ ಖರೀದಿ, ಬಾಡಿಗೆ ಮತ್ತು ಜಾಗದ ಬಳಕೆಯ ವಿಷಯದಲ್ಲಿ ಏನು ನಿರ್ಧರಿಸಿತು ಎಂಬಲ್ಲಿಗೇ ಬಂದು ನಿಲ್ಲುತ್ತೇವೆ. ಊರಿನ ಗುರುತನ್ನು ಅಲ್ಲಿನ ಜನರೇ ದಿನನಿತ್ಯ ಬಳಸುತ್ತಿದ್ದಾರೆಯೇ ಎಂಬುದು ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ, ಮತ್ತು ಮುಂದೆ ಹೇಳುವುದೆಲ್ಲ ಅದರ ಸುತ್ತಲೇ ಇದೆ.

ಚಳವಳಿಯ ಹುಟ್ಟನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. 1986ರಲ್ಲಿ ರೋಮ್ ನಗರದ ಪಿಯಾಝಾ ದಿ ಸ್ಪಾನ್ಯಾ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದಾಗ ಎದ್ದ ಪ್ರತಿಭಟನೆಯ ಕಾವಿನಲ್ಲಿ, ಉತ್ತರ ಇಟಲಿಯ ಬ್ರಾ ಎಂಬ ಊರಿನ ಕಾರ್ಲೊ ಪೆಟ್ರೀನಿ ಮತ್ತು ಅವರ ಸಂಗಡಿಗರು ಕಟ್ಟಿದ್ದು ಸ್ಲೋ ಫುಡ್ ಚಳವಳಿ, ಅಂದರೆ ಅವಸರದ ಸಿದ್ಧ ಊಟಕ್ಕೆ ಬದಲಾಗಿ ಊರಿನ ಆಹಾರವನ್ನು ನಿಧಾನವಾಗಿ ಸವಿಯಬೇಕೆನ್ನುವ ಚಳವಳಿ. 1989ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಅದರ ಪ್ರಣಾಳಿಕೆಗೆ ಸಹಿ ಹಾಕಿದ ಮೇಲೆ ಅದು ಅಂತರರಾಷ್ಟ್ರೀಯವಾಯಿತು. ತಟ್ಟೆಯಲ್ಲಿರುವ ಆಹಾರಕ್ಕೆ ಅನ್ವಯಿಸಿದ ವಿಚಾರವನ್ನು ಇಡೀ ಊರಿಗೇ ಏಕೆ ಅನ್ವಯಿಸಬಾರದು ಎಂದು ಕೇಳಿದವರು ಗ್ರೇವೆ ಇನ್ ಕಿಯಾಂತಿ ಎಂಬ ಊರಿನ ಅಂದಿನ ಮೇಯರ್ ಪಾವೊಲೊ ಸತುರ್ನೀನಿ. 1999ರ ಅಕ್ಟೋಬರ್‌ನಲ್ಲಿ ಗ್ರೇವೆ, ಬ್ರಾ, ಒರ್ವಿಯೆತೊ, ಪೊಸಿತಾನೊ ಈ ನಾಲ್ಕು ಊರುಗಳು ಸೇರಿ 'ಚಿತ್ತಾಸ್ಲೋ', ಅಂದರೆ ನಿಧಾನ ನಗರ, ಎಂಬ ಸಂಘವನ್ನು ಆರಂಭಿಸಿದವು. ಇಂದು ಅದರಲ್ಲಿ 30ಕ್ಕೂ ಹೆಚ್ಚು ದೇಶಗಳ ಸುಮಾರು 300 ಊರುಗಳಿವೆ. ಇಲ್ಲಿ ನಾನು ಎತ್ತಿ ಹೇಳಬೇಕೆಂದಿರುವುದು ಒಂದೇ ಸಂಗತಿ. ಸ್ಲೋ ಫುಡ್ಡನ್ನು ಕಟ್ಟಿದವರು ಕಾರ್ಯಕರ್ತರು; ಚಿತ್ತಾಸ್ಲೋವನ್ನು ಕಟ್ಟಿದವರು ಚುನಾಯಿತ ಮೇಯರ್‌ಗಳು. ಕಟ್ಟಡ ಪರವಾನಗಿ, ಸಂತೆಯ ಜಾಗ, ಶಾಲೆಯ ಊಟದ ಟೆಂಡರ್, ರಸ್ತೆಯಲ್ಲಿ ವಾಹನಗಳ ಪ್ರವೇಶ ಇವೆಲ್ಲ ಅವರ ಕೈಯಲ್ಲಿದ್ದವು. ನಿಧಾನ ನಗರದ ಆರ್ಥಿಕ ಫಲಗಳೆಲ್ಲ ಹೆಚ್ಚುಕಡಿಮೆ ಈ ನಾಲ್ಕೈದು ಅಧಿಕಾರಗಳ ಬಳಕೆಯಿಂದಲೇ ಬಂದಿವೆ.

ಪೂರ್ಣ ಸದಸ್ಯತ್ವಕ್ಕೆ ಊರಿನ ಜನಸಂಖ್ಯೆ 50,000ಕ್ಕಿಂತ ಕಡಿಮೆ ಇರಬೇಕು. ಇಂಧನ ಮತ್ತು ಪರಿಸರ, ಮೂಲಸೌಕರ್ಯ, ನಗರ ಜೀವನದ ಗುಣಮಟ್ಟ, ಕೃಷಿ ಮತ್ತು ಕರಕುಶಲ, ಆತಿಥ್ಯ, ಸಾಮಾಜಿಕ ಒಗ್ಗಟ್ಟು, ಸಹಭಾಗಿತ್ವ ಎಂಬ ಏಳು ವಿಭಾಗಗಳ 72 ಮಾನದಂಡಗಳಲ್ಲಿ ಊರು ತನ್ನನ್ನು ತಾನೇ ಅಳೆದುಕೊಂಡು ಕನಿಷ್ಠ ಅರ್ಧದಷ್ಟು ಅಂಕ ಗಳಿಸಬೇಕು. ಈ ಪಟ್ಟಿಯನ್ನು ಓದಿದವರಿಗೆ ಮೊದಲು ಅಚ್ಚರಿಯಾಗುವುದು, ಅದರಲ್ಲಿ ವೇಗದ ವಿರುದ್ಧ ಹೇಳಿದ್ದು ಬಹಳ ಕಡಿಮೆ ಎಂಬುದು. ಗಾಳಿಯ ಗುಣಮಟ್ಟ, ಕಸ ವಿಂಗಡಣೆ, ಸೈಕಲ್ ದಾರಿ, ಅಂಗವಿಕಲರಿಗೆ ಅಡೆತಡೆಯಿಲ್ಲದ ಓಡಾಟ, ಸಾರ್ವಜನಿಕ ಅಡುಗೆಮನೆಗಳಲ್ಲಿ ಸ್ಥಳೀಯ ಪದಾರ್ಥಗಳ ಬಳಕೆ ಇಂಥವೇ ಹೆಚ್ಚು. ಕನ್ನಡದ 'ನಿಧಾನ' ಎಂಬ ಪದಕ್ಕೆ ಮಂದಗತಿಯ ಜೊತೆಗೆ ಆಲೋಚಿಸಿ ಮಾಡುವುದು ಎಂಬ ಅರ್ಥವೂ ಇದೆ. ನಿಧಾನವೇ ಪ್ರಧಾನ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಆ ಎರಡನೆಯ ಅರ್ಥ. ಈ ಚಳವಳಿಯನ್ನೂ ಹಾಗೆಯೇ ಓದಿಕೊಳ್ಳಬೇಕೆಂದು ನನ್ನ ಕೋರಿಕೆ.

ಈಗ ಹಣದ ವಿಷಯ. ಸ್ಥಳೀಯ ಆರ್ಥಿಕತೆಯ ಚರ್ಚೆಯಲ್ಲಿ ಊರಿಗೆ ಎಷ್ಟು ಹಣ ಬಂತು ಎಂದು ಎಲ್ಲರೂ ಕೇಳುತ್ತಾರೆ. ಬಂದ ಹಣ ಹೊರಗೆ ಹೋಗುವ ಮುನ್ನ ಊರೊಳಗೆ ಎಷ್ಟು ಕೈ ದಾಟಿತು ಎಂದು ಕೇಳುವವರು ಕಡಿಮೆ. ಇದನ್ನು ಅಳೆಯಲು ಲಂಡನ್ನಿನ ನ್ಯೂ ಎಕನಾಮಿಕ್ಸ್ ಫೌಂಡೇಶನ್ ಒಂದು ಸರಳ ವಿಧಾನವನ್ನು ರೂಪಿಸಿದೆ. ಹಣದ ಮೊದಲ ಮೂರು ಸುತ್ತುಗಳನ್ನು ಮಾತ್ರ ಲೆಕ್ಕ ಹಾಕುವುದು ಅದರ ಕ್ರಮ. ಒಂದು ಪುರಸಭೆ ಶಾಲಾ ಊಟಕ್ಕೆ 100 ನಾಣ್ಯ ಖರ್ಚು ಮಾಡಿತು ಎಂದುಕೊಳ್ಳಿ. ಅದನ್ನು ಪಡೆದವರು 60 ನಾಣ್ಯವನ್ನು ಊರಿನ ಕೂಲಿಗೂ ಊರಿನ ತರಕಾರಿಗೂ ಕೊಟ್ಟರೆ, ಆ 60 ಪಡೆದವರು ಮತ್ತೆ ಅದೇ ಪ್ರಮಾಣದಲ್ಲಿ 36 ನಾಣ್ಯವನ್ನು ಊರಲ್ಲೇ ಖರ್ಚು ಮಾಡಿದರೆ, ಮೂರು ಸುತ್ತಿನಲ್ಲಿ ಆದ ಒಟ್ಟು ವಹಿವಾಟು 196. ಅದೇ 100 ನಾಣ್ಯ ದೂರದ ಒಂದು ದೊಡ್ಡ ಸರಬರಾಜು ಕಂಪನಿಗೆ ಹೋಗಿ, ಊರಲ್ಲಿ ಉಳಿದದ್ದು ಬಡಿಸುವವರ ಸಂಬಳದ 20 ಮಾತ್ರವಾದರೆ, ಮುಂದಿನ ಸುತ್ತಿಗೆ 4 ಉಳಿಯುತ್ತದೆ, ಒಟ್ಟು 124. ಮಕ್ಕಳು ಉಂಡ ಊಟ ಒಂದೇ, ತೆರಿಗೆದಾರರು ಕೊಟ್ಟ ಹಣವೂ ಒಂದೇ. ನಿಧಾನ ನಗರಗಳ ಸಂತೆ, ಸ್ಥಳೀಯ ಖರೀದಿ, ಸಣ್ಣ ಅಂಗಡಿಗಳ ರಕ್ಷಣೆ ಎಂಬ ಕಾರ್ಯಕ್ರಮಗಳ ಹಿಂದಿರುವ ಆರ್ಥಿಕ ತರ್ಕ ಈ ಎರಡು ಮೊತ್ತಗಳ ಅಂತರದಲ್ಲಿದೆ.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಒಂದು ಊರು ತನ್ನೊಳಗಿನ ಹಣವನ್ನೇ ಸುತ್ತಿಸಿಕೊಂಡು ಬದುಕಲಾರದು. ಔಷಧ, ಇಂಧನ, ಯಂತ್ರ ಎಲ್ಲವೂ ಹೊರಗಿನಿಂದ ಬರಬೇಕು, ಅವುಗಳ ಬೆಲೆ ತೆರಲು ಊರು ಹೊರಗೆ ಏನನ್ನಾದರೂ ಮಾರಲೇಬೇಕು. ಆದ್ದರಿಂದ ನಿಧಾನ ನಗರದ ಆರ್ಥಿಕತೆಗೆ ಎರಡು ಕೆಲಸ ಇವೆ. ಹೊರಗಿನವರು ಬೆಲೆ ಕೊಟ್ಟು ಕೊಳ್ಳುವಂಥದ್ದನ್ನು ಉಳಿಸಿಕೊಳ್ಳುವುದು ಒಂದು, ಬಂದ ಹಣ ಬೇಗ ಸೋರಿಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಪ್ರವಾಸೋದ್ಯಮವನ್ನಷ್ಟೇ ನಂಬಿದ ಊರುಗಳು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತಿವೆ.

ಶಾಲಾ ಊಟದ ಮಾತು ಬಂದದ್ದರಿಂದ ಅದನ್ನು ಇನ್ನೂ ಹತ್ತಿರದಿಂದ ನೋಡೋಣ, ಏಕೆಂದರೆ ಉದ್ದೇಶ ಮತ್ತು ಫಲಗಳ ನಡುವಿನ ಕಷ್ಟ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಐರೋಪ್ಯ ಒಕ್ಕೂಟದ ಖರೀದಿ ಕಾನೂನಿನ ಪ್ರಕಾರ 'ಈ ಜಿಲ್ಲೆಯಲ್ಲಿ ಬೆಳೆದ ತರಕಾರಿಯೇ ಬೇಕು' ಎಂದು ಟೆಂಡರಿನಲ್ಲಿ ಬರೆಯುವಂತಿಲ್ಲ. ಅದು ಬೇರೆ ಊರಿನ, ಬೇರೆ ದೇಶದ ಮಾರಾಟಗಾರರ ವಿರುದ್ಧ ತಾರತಮ್ಯವಾಗುತ್ತದೆ. ಹಾಗಾಗಿ ಜಾಣ ಪುರಸಭೆಗಳು ಊರಿನ ಹೆಸರನ್ನು ಬಿಟ್ಟು ಗುಣವನ್ನು ಬರೆಯುತ್ತವೆ. ಋತುಮಾನಕ್ಕೆ ತಕ್ಕ ಪಟ್ಟಿ, ಕೊಯ್ಲಾದ ಎಷ್ಟು ಹೊತ್ತಿನೊಳಗೆ ಅಡುಗೆಮನೆಗೆ ತಲುಪಬೇಕು ಎಂಬ ಷರತ್ತು, ಸಾವಯವ ದೃಢೀಕರಣ, ವಾರಕ್ಕೆ ಇಷ್ಟು ಬಾರಿ ತಂದುಕೊಡಬೇಕೆಂಬ ನಿಯಮ ಇವೆಲ್ಲ ಕಾನೂನಿಗೆ ಒಪ್ಪುತ್ತವೆ, ಮತ್ತು ಹತ್ತಿರದ ಬೆಳೆಗಾರರಿಗೆ ಸಹಜವಾಗಿ ಅನುಕೂಲವಾಗುತ್ತವೆ. ಅದಕ್ಕಿಂತಲೂ ಮುಖ್ಯವಾದದ್ದು ಟೆಂಡರಿನ ಗಾತ್ರ. ತರಕಾರಿ, ಹಾಲು, ಬ್ರೆಡ್, ಹಣ್ಣು ಎಲ್ಲವನ್ನೂ ಒಂದೇ ಗುತ್ತಿಗೆಯಾಗಿ ಕರೆದರೆ ಎಂಟು ಎಕರೆಯ ರೈತ ಅರ್ಜಿಯನ್ನೇ ಹಾಕಲಾರ. ಅದನ್ನು ಸಣ್ಣ ಭಾಗಗಳಾಗಿ ಒಡೆದರೆ ಆತ ಸೇಬಿಗೆ ಮಾತ್ರ, ಆಲೂಗೆಡ್ಡೆಗೆ ಮಾತ್ರ ಬೆಲೆ ಕೂಗಬಹುದು. ಒಂದು ಗುಮಾಸ್ತರ ಕೋಣೆಯಲ್ಲಿ ನಡೆಯುವ ಈ ಒಡೆಯುವ ಕೆಲಸ, ಚೌಕದಲ್ಲಿ ನಡೆಯುವ ಉತ್ಸವಕ್ಕಿಂತ ಊರಿಗೆ ಹೆಚ್ಚು ಲಾಭ ತರುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸಂಘದ ಕೇಂದ್ರ ಕಚೇರಿ ಇರುವ ಒರ್ವಿಯೆತೊ, ಬಿರುದಿಗೂ ಕೆಲಸಕ್ಕೂ ಇರುವ ಸಂಬಂಧವನ್ನು ಚೆನ್ನಾಗಿ ತೋರಿಸುತ್ತದೆ. ಕಡಿದಾದ ಜ್ವಾಲಾಮುಖಿ ಶಿಲೆಯ ಮೇಲೆ ನಿಂತ ಆ ಊರಿಗೆ 1888ರಲ್ಲೇ ನೀರಿನ ಭಾರದಿಂದ ನಡೆಯುವ ಇಳಿಜಾರು ರೈಲು ಇತ್ತು. ಮುಂದೆ ನಿಂತುಹೋಗಿದ್ದ ಅದನ್ನು ವಿದ್ಯುತ್ತಿಗೆ ಅಳವಡಿಸಿ 1990ರಲ್ಲಿ ಮತ್ತೆ ಓಡಿಸಲಾಯಿತು. ಕಾರುಗಳನ್ನು ಬುಡದಲ್ಲೇ ನಿಲ್ಲಿಸಿ, ಲಿಫ್ಟ್ ಮತ್ತು ಚಲಿಸುವ ಮೆಟ್ಟಿಲುಗಳ ಮೂಲಕ ಜನ ಮೇಲೆ ಹೋಗುವ ಏರ್ಪಾಡೂ ಆಯಿತು. ಹೀಗೆ ನಿಧಾನ ನಗರದ ಸಂಘ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲೇ ಆ ಊರು ನಿಧಾನವಾಗುವ ಮುಖ್ಯ ಹೆಜ್ಜೆಯನ್ನು ಇಟ್ಟಾಗಿತ್ತು. ಬಿರುದು ಬಂದದ್ದು ಆ ಕೆಲಸಕ್ಕೆ ಹೆಸರು ಕೊಡಲು.

ಬ್ರಾ ಊರಿನದು ಗುರುತು ಬದಲಾದ ಕಥೆ. ಸುಮಾರು 30,000 ಜನರ ಆ ಊರು ಹಿಂದೆ ಹೆಸರಾಗಿದ್ದುದು ಚರ್ಮ ಹದ ಮಾಡುವ ಕೆಲಸಕ್ಕೆ. ಇಂದು ಅದರ ಹೆಸರು ಕೇಳಿದರೆ ನೆನಪಾಗುವುದು ಆಹಾರ. ಈ ಬದಲಾವಣೆ ಘೋಷವಾಕ್ಯದಿಂದ ಆದದ್ದಲ್ಲ. 1997ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿನ ಬೀದಿಗಳಲ್ಲಿ ಗಿಣ್ಣಿನ, ಅಂದರೆ ಚೀಸಿನ, ಅಂತರರಾಷ್ಟ್ರೀಯ ಮೇಳ ನಡೆಯುತ್ತಿದೆ. 2017ರಿಂದ ಅದರಲ್ಲಿ ಕಾಯಿಸದ ಹಾಲಿನ ಚೀಸಿಗೆ ಮಾತ್ರ ಪ್ರವೇಶ. ಇಷ್ಟು ಬಿಗಿಯಾದ ನಿಯಮ ಮಾಡಿದರೆ ವ್ಯಾಪಾರ ಕಡಿಮೆಯಾದೀತೆಂದು ಹೆದರುವುದು ಸಹಜ, ಆದರೆ ಸಣ್ಣ ಉತ್ಪಾದಕರಿಗೆ ದೊಡ್ಡ ಕಾರ್ಖಾನೆಗಳ ಎದುರು ಇರುವ ಒಂದೇ ಮೇಲುಗೈ ಅದು, ಮತ್ತು ಮೇಳ ಅದನ್ನು ಬಿಟ್ಟುಕೊಡಲಿಲ್ಲ. ಇದಕ್ಕಿಂತ ಬಾಳಿಕೆಯ ಹೆಜ್ಜೆ 2004ರದು. ಊರಿನ ವ್ಯಾಪ್ತಿಯಲ್ಲೇ ಇರುವ ಪೊಲೆಂಝೊದಲ್ಲಿ, ಸವಾಯ್ ರಾಜಮನೆತನದ ಹಳೆಯ ಕೃಷಿ ಎಸ್ಟೇಟಿನ ಕಟ್ಟಡಗಳಲ್ಲಿ, ಆಹಾರ ವಿಜ್ಞಾನ ಮತ್ತು ಆಹಾರ ಸಂಸ್ಕೃತಿಗೆ ಮೀಸಲಾದ ವಿಶ್ವವಿದ್ಯಾಲಯ ಆರಂಭವಾಯಿತು. ಮೇಳ ನಾಲ್ಕು ದಿನದ್ದು. ವಿಶ್ವವಿದ್ಯಾಲಯಕ್ಕೆ ವರ್ಷವಿಡೀ ಅಧ್ಯಾಪಕರು, ವಿದ್ಯಾರ್ಥಿಗಳು, ಅವರಿಗೆ ಮನೆ, ಊಟ, ಪುಸ್ತಕ, ರಿಪೇರಿ ಎಲ್ಲವೂ ಬೇಕು. ಗುರುತು ಸಂಬಳ ಕೊಡುವ ಸಂಸ್ಥೆಯಾಗಿ ಮಾರ್ಪಟ್ಟಾಗ ಅದಕ್ಕೆ ಋತುಮಾನದ ಹಂಗು ತಪ್ಪುತ್ತದೆ.

ಗುರುತಿಗೆ ಬೆಲೆ ಬಂದಾಗ ಏನಾಗುತ್ತದೆ ಎಂಬುದನ್ನು ಟಸ್ಕನಿಯ ಕೊಲೊನ್ನಾತಾ ಎಂಬ ಪುಟ್ಟ ಹಳ್ಳಿ ತೋರಿಸಿಕೊಟ್ಟಿದೆ. ಕಾರಾರಾದ ಅಮೃತಶಿಲೆ ಗಣಿಗಳ ನಡುವೆ ಇರುವ ಆ ಹಳ್ಳಿಯಲ್ಲಿ ಹಂದಿಯ ಕೊಬ್ಬನ್ನು ಉಪ್ಪು, ಬೆಳ್ಳುಳ್ಳಿ, ಸುಗಂಧದ ಎಲೆಗಳೊಡನೆ ಅಮೃತಶಿಲೆಯ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಹದ ಮಾಡುತ್ತಾರೆ. ಅದು ಕಲ್ಲು ಕಡಿಯುವ ಕೂಲಿಗಳ ಬುತ್ತಿಯಾಗಿತ್ತು. ರಂಧ್ರಗಳಿರುವ ಕಲ್ಲು ನೈರ್ಮಲ್ಯದ ನಿಯಮಕ್ಕೆ ಹೊಂದುವುದಿಲ್ಲ ಎಂದು ಅಧಿಕಾರಿಗಳು ಆಕ್ಷೇಪಿಸಿದಾಗ ಸ್ಲೋ ಫುಡ್ ಅದರ ಪರವಾಗಿ ನಿಂತಿತು; 2004ರಲ್ಲಿ ಅದಕ್ಕೆ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಿಕೆಯ ರಕ್ಷಣೆ ಸಿಕ್ಕಿತು. ಹೆಸರು ಹಬ್ಬಿತು, ಬೆಲೆ ಏರಿತು, ನಕಲಿ ಮಾಲೂ ಬಂತು. ಬಡವರ ಬುತ್ತಿ ಉಳ್ಳವರ ರುಚಿಯಾಯಿತು ಎಂದು ಹಳಹಳಿಸುವವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಆ ತೊಟ್ಟಿಗಳು ಹಳ್ಳಿಯಲ್ಲೇ ಉಳಿದು, ಅದರ ಆದಾಯ ಅಲ್ಲಿನ ಮನೆಗಳಿಗೇ ಬರುವುದಾದರೆ, ಬೆಲೆ ಏರಿದ್ದನ್ನು ನಷ್ಟವೆಂದು ನಾನು ಎಣಿಸಲಾರೆ. ಸೂಚಿಕೆಯ ನಿಯಮ ಉತ್ಪಾದನೆಯನ್ನು ಸ್ಥಳಕ್ಕೆ ಕಟ್ಟಿಹಾಕಿದ್ದರಿಂದಲೇ ಇದು ಸಾಧ್ಯವಾದದ್ದು.

ಏಷ್ಯಾದಲ್ಲಿ ಈ ಬಿರುದು ಮೊದಲು ಸಿಕ್ಕಿದ್ದು ದಕ್ಷಿಣ ಕೊರಿಯಾದ ಊರುಗಳಿಗೆ, 2007ರಲ್ಲಿ. ಅವುಗಳಲ್ಲಿ ಒಂದಾದ ಚಂಗ್ಸಾನ್ ದ್ವೀಪದ ಗದ್ದೆಗಳ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅಲ್ಲಿನ ನೆಲದಲ್ಲಿ ಕಲ್ಲು ಹೆಚ್ಚು, ಮಣ್ಣು ಕಡಿಮೆ, ನೀರು ನಿಲ್ಲುವುದಿಲ್ಲ. ಮನೆಯ ನೆಲ ಬೆಚ್ಚಗಿರಲು ಚಪ್ಪಡಿ ಹಾಸುವ ಕೊರಿಯಾದ ಹಳೆಯ ಕ್ರಮವನ್ನೇ ಅಲ್ಲಿನ ರೈತರು ಗದ್ದೆಗೆ ತಂದರು. ಇಳಿಜಾರಿನಲ್ಲಿ ಕಲ್ಲು ಪೇರಿಸಿ, ಚಪ್ಪಡಿ ಹಾಸಿ, ಸಂದುಗಳನ್ನು ಜೇಡಿಮಣ್ಣಿನಿಂದ ಮುಚ್ಚಿ, ಅದರ ಮೇಲೆ ಹೊತ್ತು ತಂದ ಮಣ್ಣನ್ನು ತೆಳುವಾಗಿ ಹರಡಿ ಭತ್ತ ನೆಟ್ಟರು; ಒಂದು ಗದ್ದೆಯ ಹೆಚ್ಚುವರಿ ನೀರು ಚಪ್ಪಡಿಯ ಕೆಳಗಿನ ಕಾಲುವೆಯಲ್ಲಿ ಹರಿದು ಮುಂದಿನ ಗದ್ದೆಗೆ ಇಳಿಯುತ್ತದೆ. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಪ್ರತಿ ವಸಂತದಲ್ಲಿ ನಿಧಾನ ನಡಿಗೆಯ ಉತ್ಸವಕ್ಕೆ ಜನ ಅಲ್ಲಿಗೆ ಬರುತ್ತಾರೆ. ಬಂದವರು ನೋಡುವ ಆ ಹಸಿರಿನ ಹಿಂದೆ ಗದ್ದೆಯನ್ನು ನೋಡಿಕೊಳ್ಳುವ ವಯಸ್ಸಾದ ಕೈಗಳಿವೆ. ಭತ್ತದ ಬೆಲೆಯೊಂದರಿಂದಲೇ ಆ ಕೈಗಳು ಉಳಿಯಲಾರವು. ಉತ್ಸವದ ಆದಾಯದಲ್ಲಿ ಒಂದು ಪಾಲು ಗದ್ದೆಯ ಕೆಲಸಕ್ಕೆ ಹೋಗದಿದ್ದರೆ ನೋಡಲು ಬರುವ ಕಾರಣವೇ ಇಲ್ಲವಾಗುತ್ತದೆ.

2007ರಲ್ಲೇ ಬಿರುದು ಪಡೆದ, ಕೊರಿಯಾದ ಶಿನಾನ್ ಜಿಲ್ಲೆಯ ಜಂಗ್ ದ್ವೀಪದಲ್ಲಿ ದೊಡ್ಡ ಉಪ್ಪಿನಾಗರವಿದೆ. ಕೊರಿಯಾ ಯುದ್ಧದ ನಿರಾಶ್ರಿತರಿಗೆ ಕೆಲಸ ಕೊಡಲೆಂದು 1953ರಲ್ಲಿ ಮಾಡಿದ್ದು. ಸಮುದ್ರದ ನೀರು ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಇಳಿಯುತ್ತ, ಬಿಸಿಲು ಗಾಳಿಗೆ ಗಟ್ಟಿಯಾಗುತ್ತ ಹರಳಾಗುವ ಆ ಕೆಲಸಕ್ಕಿಂತ ನಿಧಾನದ ಕೆಲಸ ಯಾವುದಿದೆ! ಆದರೆ 2014ರಲ್ಲಿ ಅದೇ ಜಿಲ್ಲೆಯ ಬೇರೊಂದು ದ್ವೀಪದ ಆಗರಗಳಲ್ಲಿ ಅಂಗವಿಕಲರನ್ನು ಸಂಬಳವಿಲ್ಲದೆ ದುಡಿಸಿಕೊಂಡ ಪ್ರಕರಣ ಬಯಲಾಯಿತು, ಮತ್ತು 2025ರ ಏಪ್ರಿಲ್‌ನಲ್ಲಿ ಅಮೆರಿಕ ಬಲವಂತದ ದುಡಿಮೆಯ ಕಾರಣ ನೀಡಿ ಜಂಗ್ ದ್ವೀಪದ ಆಗರದ ಉಪ್ಪಿನ ಆಮದನ್ನು ತಡೆಹಿಡಿಯಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ನಿಮ್ಮ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ಬಿಟ್ಟುಬಿಡುವಂತಿಲ್ಲ. ಸ್ಥಳ, ಪದಾರ್ಥ, ವಿಧಾನ ಮೂರನ್ನೂ ಹೊಗಳುವ ನಿಧಾನದ ಭಾಷೆ, ದುಡಿಯುವವರಿಗೆ ಎಷ್ಟು ಕೂಲಿ, ಎಷ್ಟು ಬಿಡುವು ಎಂದು ಕೇಳುವುದನ್ನು ಹಲವು ಸಲ ಮರೆಯುತ್ತದೆ.

ಜನಪ್ರಿಯತೆಯ ಹೊರೆಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಅದು ಎಲ್ಲರಿಗೂ ಕಾಣುವಂಥದ್ದು. ಸಂಘದ ಸ್ಥಾಪಕ ಊರುಗಳಲ್ಲೊಂದಾದ ಪೊಸಿತಾನೊದಲ್ಲಿ ಖಾಯಂ ನಿವಾಸಿಗಳು 4,000ಕ್ಕಿಂತ ಕಡಿಮೆ, ಆದರೆ ಬೇಸಿಗೆಯಲ್ಲಿ ಅದರ ಇಕ್ಕಟ್ಟಾದ ಮೆಟ್ಟಿಲು ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊರಿಯಾದ ಜಂಜು ನಗರದ ಹಳೆಯ ಮನೆಗಳ ಬಡಾವಣೆಗೆ 2010ರಲ್ಲಿ ಬಿರುದು ಬಂದ ಬಳಿಕ ಜನಸಂದಣಿ ಹೆಚ್ಚಿ, ವಾಸದ ಮನೆಗಳು ಅತಿಥಿಗೃಹಗಳೂ ತಿಂಡಿ ಅಂಗಡಿಗಳೂ ಆದವು.

ಟರ್ಕಿಯ ಸೆಫೆರಿಹಿಸಾರ್‌ನಲ್ಲಿ ಒಳಿತೂ ಕೆಡುಕೂ ಒಟ್ಟಿಗೇ ಇವೆ, ಆದ್ದರಿಂದ ಅದು ಹೆಚ್ಚು ಕಲಿಸುತ್ತದೆ. 2009ರಲ್ಲಿ ಅಂದಿನ ಮೇಯರ್ ತುಂಚ್ ಸೋಯೆರ್ ಅವರ ಪ್ರಯತ್ನದಿಂದ ಅದು ಆ ದೇಶದ ಮೊದಲ ನಿಧಾನ ನಗರವಾಯಿತು. ಮಧ್ಯವರ್ತಿಗಳಿಲ್ಲದೆ ಉತ್ಪಾದಕರೇ ಮಾರುವ ಸಂತೆ ಶುರುವಾಯಿತು. ಆ ಊರಿನ ಭಾಗವಾದ ಸಿಗಾಜಿಕ್ ಕೋಟೆಯೊಳಗೆ ಭಾನುವಾರದ ಸಂತೆಯಲ್ಲಿ ಹೆಂಗಸರು ತಮ್ಮ ಮನೆಬಾಗಿಲ ಮುಂದೆಯೇ ಮೇಜು ಹಾಕಿ, ಕೈಯಾರೆ ಮಾಡಿದ ತಿನಿಸು, ಜಾಮ್, ಹೆಣಿಗೆಯ ಬಟ್ಟೆಗಳನ್ನು ಮಾರತೊಡಗಿದರು. ಹಿಂದೆ ಕೂಲಿಯ ಲೆಕ್ಕಕ್ಕೇ ಬಾರದಿದ್ದ ಮನೆಗೆಲಸದ ಕೌಶಲ ಹೀಗೆ ಅವರ ಸ್ವಂತ ಆದಾಯವಾಯಿತು. ನಾಟಿ ಬೀಜಗಳನ್ನು ಕಾಪಾಡುವ ಕೇಂದ್ರವೊಂದನ್ನೂ ಪುರಸಭೆ ತೆರೆಯಿತು. ಇದೇ ಯಶಸ್ಸು ಹತ್ತಿರದ ಮಹಾನಗರ ಇಜ್ಮಿರ್‌ನವರನ್ನು ಅಲ್ಲಿ ಮನೆ ಕೊಳ್ಳಲು ಸೆಳೆಯಿತು. ಜನಸಂಖ್ಯೆ ವೇಗವಾಗಿ ಏರಿತು, ಕಿತ್ತಳೆ ಜಾತಿಯ ಹಣ್ಣಿನ ತೋಟಗಳ ಪಕ್ಕದಲ್ಲಿ ಕಟ್ಟಡಗಳು ಎದ್ದವು, ಭೂಮಿಯ ಬೆಲೆ ಕೃಷಿಯ ಆದಾಯಕ್ಕೆ ನಿಲುಕದಷ್ಟಾಯಿತು. ಸಂತೆಯನ್ನು ಕಟ್ಟಲು ಪುರಸಭೆಗೆ ಅಧಿಕಾರವಿತ್ತು. ಭೂಮಿಯ ಬೆಲೆಯನ್ನು ತಡೆಯುವ ಅಧಿಕಾರ ಅದರ ಕೈಯಲ್ಲಿ ಅಷ್ಟಾಗಿ ಇರಲಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಮೊದಲು ಏನನ್ನು ನೋಡಬೇಕು ಎಂಬುದು. ಅರ್ಜಿ ಬರೆಯುವುದಕ್ಕೆ ಮೊದಲು ಪುರಸಭೆ ತನ್ನ ಹಿಂದಿನ ವರ್ಷದ ಖರೀದಿ ಪುಸ್ತಕವನ್ನು ತೆರೆದು, ಪ್ರತಿ ಬಿಲ್ಲಿನ ಹಣ ಯಾವ ಊರಿಗೆ ಹೋಯಿತು ಎಂದು ಗುರುತು ಹಾಕಬೇಕು. ಇದಕ್ಕೆ ಸಲಹೆಗಾರರು ಬೇಕಿಲ್ಲ, ಇಬ್ಬರು ಗುಮಾಸ್ತರ ಒಂದು ತಿಂಗಳ ಕೆಲಸ ಸಾಕು. ಎರಡನೆಯದಾಗಿ, ಹಳೆಯ ಪೇಟೆಯ ಅಂಗಡಿಗಳಲ್ಲಿ ಎಷ್ಟು ಬಾಡಿಗೆಗೆ ಇವೆ, ಒಪ್ಪಂದದ ಅವಧಿ ಎಷ್ಟು ಎಂದು ತಿಳಿದುಕೊಳ್ಳಬೇಕು. ಊರಿಗೆ ಹೆಸರು ಬಂದ ಮೇಲೆ ಬಾಡಿಗೆ ಏರುವುದು ಖಚಿತವಾದ್ದರಿಂದ, ಬಡಗಿಗೂ ಚಪ್ಪಲಿ ಹೊಲಿಯುವವರಿಗೂ ದಿನಸಿ ಅಂಗಡಿಗೂ ಪುರಸಭೆಯ ಸ್ವಂತ ಕಟ್ಟಡಗಳಲ್ಲಿ ದೀರ್ಘಾವಧಿಯ ಒಪ್ಪಂದವನ್ನು ಮೊದಲೇ ಮಾಡಿಕೊಡುವುದು ಒಳ್ಳೆಯದು. ಹೆಸರು ಬಂದ ನಂತರ ಆ ಮಾತು ಎತ್ತಿದರೆ ವಿರೋಧವೂ ವೆಚ್ಚವೂ ಹಲವು ಪಟ್ಟಾಗಿರುತ್ತವೆ. ವಾಸದ ಮನೆಗಳನ್ನು ಅಲ್ಪಾವಧಿಯ ಅತಿಥಿಗೃಹಗಳಾಗಿ ಮಾರ್ಪಡಿಸುವುದಕ್ಕೆ ಮಿತಿಯನ್ನೂ ಅದೇ ಸಮಯದಲ್ಲಿ ನಿಗದಿ ಮಾಡಬೇಕು.

ಮೂರನೆಯದು ಸ್ವಲ್ಪ ಸೂಕ್ಷ್ಮವಾದದ್ದು. ಊರಿನ ಗುರುತೆಂದು ಯಾವುದನ್ನು ಆರಿಸಿಕೊಳ್ಳಲಿದ್ದಾರೋ ಆ ಪದಾರ್ಥವನ್ನು, ಕಸುಬನ್ನು, ಸಂತೆಯನ್ನು ಊರಿನವರು ಎಷ್ಟು ಜನ ವಾರಕ್ಕೊಮ್ಮೆಯಾದರೂ ಬಳಸುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಬೇಕು. ಜರ್ಮನಿಯ ಹೆರ್ಸ್‌ಬ್ರುಕ್ 2001ರಲ್ಲಿ ಇಟಲಿಯ ಹೊರಗಿನ ಮೊದಲ ನಿಧಾನ ನಗರವಾದಾಗ, ಅದು ಮುಂದಿಟ್ಟದ್ದು ಸುತ್ತಲಿನ ಹಳೆಯ ಗೋಮಾಳಗಳನ್ನು. ಓಕ್ ಮರಗಳೂ ಹಣ್ಣಿನ ಮರಗಳೂ ಚದುರಿ ನಿಂತ ಆ ಹುಲ್ಲುಗಾವಲುಗಳನ್ನು ದನ ಮೇಯಿಸಿಯೇ ಉಳಿಸಿಕೊಳ್ಳಬೇಕು, ಮೇಯಿಸುವವರು ಉಳಿಯಬೇಕಾದರೆ ಆ ದನದ ಮಾಂಸಕ್ಕೂ ಆ ಮರದ ಸೇಬಿನ ರಸಕ್ಕೂ ಊರಿನ ಹೋಟೆಲುಗಳಲ್ಲೇ ಗಿರಾಕಿ ಸಿಗಬೇಕು. ಹೋಟೆಲಿನವರೂ ರೈತರೂ ಕೂಡಿ ಅಂಥ ಏರ್ಪಾಡು ಮಾಡಿಕೊಂಡರು. ನೋಡಲು ಬರುವವರು ಒಂದು ವರ್ಷ ಬಾರದಿದ್ದರೂ ನಡೆಯುವ ವ್ಯವಸ್ಥೆ ಅದು. ನಿಮ್ಮ ಸಮೀಕ್ಷೆಯಲ್ಲಿ ಬಳಸುವವರ ಸಂಖ್ಯೆ ತೀರ ಕಡಿಮೆ ಬಂದರೆ ಅರ್ಜಿಯನ್ನು ಎರಡು ಮೂರು ವರ್ಷ ಮುಂದಕ್ಕೆ ಹಾಕಿ, ಆ ಅವಧಿಯಲ್ಲಿ ಶಾಲೆಯ ಅಡುಗೆಮನೆ, ಆಸ್ಪತ್ರೆಯ ಅಡುಗೆಮನೆ ಮತ್ತು ವಾರದ ಸಂತೆ ಈ ಮೂರನ್ನು ಸರಿಪಡಿಸಿ ಎಂದು ನಾನು ಸಲಹೆ ಕೊಡುತ್ತೇನೆ. ಅರ್ಜಿಗೆ ಕಡೆಯ ದಿನಾಂಕವೇನೂ ಇಲ್ಲ.